ಓಡಿದ ಮರುದಿನ

ಸುಳ್ಳು ಹೊಟ್ಟೆನೋವನ್ನು ಕಂಡುಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಬೆಳ್ತಂಗಡಿ ತಾಲೂಕಿನಲ್ಲೇ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಲಾಯಿಲದ ಹತ್ತಿರ ಒಂದು ಅನುದಾನಿತ ಶಾಲೆಯಲ್ಲಿ ನಾನು ಆಟದ ಟೀಚರ್. ಕಡತದಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ, ಮಕ್ಕಳ ಬಾಯಲ್ಲಿ ಪಿ.ಟಿ. ಟೀಚರ್, ನನ್ನ ಬೆನ್ನ ಹಿಂದೆ ಅವರು ಏನೆನ್ನುತ್ತಾರೆ ಎಂಬುದೂ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಬಿಸಿಲೇರಿದ ಮೇಲೆ ಆಟದ ಪೀರಿಯಡ್ ಬಂತೆಂದರೆ ನಾಲ್ಕು ಜನರಿಗಾದರೂ ಹೊಟ್ಟೆನೋವು ಬರುತ್ತದೆ. "ಎಲ್ಲಿ ನೋವು, ಬೆರಳಿಟ್ಟು ತೋರಿಸು" ಎನ್ನುತ್ತೇನೆ. ಸ್ವಲ್ಪ ಬೇರೆ ಮಾತಾಡಿ ಮತ್ತೊಮ್ಮೆ ಕೇಳುತ್ತೇನೆ. ಬೆರಳು ಬೇರೆ ಜಾಗಕ್ಕೆ ಹೋಯಿತೋ, "ಎರಡು ರೌಂಡ್ ಓಡು ಮಗಾ, ತಾನಾಗಿ ಹೋಗ್ತದೆ" ಎಂದು ಅಟ್ಟುತ್ತೇನೆ. ಹೆಚ್ಚಿನ ಸಲ ಹೋಗುತ್ತದೆ ಕೂಡ. ಇದೇ ವಿದ್ಯೆಯನ್ನು ನನ್ನ ಮಗಳ ಮೇಲೆ ಪ್ರಯೋಗಿಸಿ, ಅವಳು ಹಾಸಿಗೆ ಹಿಡಿಯುವ ಹಾಗೆ ಮಾಡಿದವಳೂ ನಾನೇ.

ಇದನ್ನು ಬರೆಯಬೇಕೆಂದು ಇಷ್ಟು ದಿನ ಅನಿಸಿರಲಿಲ್ಲ. ನಾಚಿಕೆಯೂ ಇತ್ತು. ಆದರೆ ಈಗಲೂ ಪೇಟೆಯಲ್ಲಿ, ಬಸ್ಸಿನಲ್ಲಿ ಯಾರಾದರೊಬ್ಬ ತಾಯಿ ಸಿಗುತ್ತಾಳೆ. "ಟೀಚರ್, ಕೊರೊನ ಬಂದು ಹೋದದ್ದು ಗೊತ್ತೇ ಆಗ್ಲಿಲ್ಲ, ಆದ್ರೆ ಮಗು ಮೊದಲಿನ ಹಾಗೆ ಇಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾಳೆ. ಅಂಥವರಿಗೆ ಇದು ಇರಲಿ. ನಮ್ಮ ಮನೆಮಾತು ತುಳು. ಮನೆಯೊಳಗೆ ಆಡಿದ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದು ಬರೆದಿದ್ದೇನೆ.

ಮಗಳ ಹೆಸರು ಪ್ರಾಪ್ತಿ. ಆಗ ಏಳನೆಯ ತರಗತಿ, ನನ್ನದೇ ಶಾಲೆ. ಮನೆಯಲ್ಲಿ ನಾನು, ಅವಳು, ನನ್ನ ಅತ್ತೆ. ಇವಳ ಅಪ್ಪ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಸಂಜೆ ಫೋನಿನ ಪರದೆಯಲ್ಲಿ ಬಂದು ಹೋಗುವವರು. ಪ್ರಾಪ್ತಿ ಖೋ ಖೋ ಆಡುತ್ತಿದ್ದಳು. ಹೆತ್ತವಳೆಂದು ಹೊಗಳುತ್ತಿಲ್ಲ, ಅವಳು ಕಂಬ ಹಿಡಿದು ತಿರುಗುವುದನ್ನು ನೋಡಲು ಹೈಸ್ಕೂಲಿನ ಮಕ್ಕಳು ಜಗಲಿಗೆ ಬಂದು ನಿಲ್ಲುತ್ತಿದ್ದರು.

ಮೂರನೆಯ ಅಲೆಯ ಜನವರಿಯಲ್ಲಿ ಅವಳಿಗೆ ಜ್ವರ ಬಂತು. ಗಂಟಲು ಕೆರೆತ, ಮೈಕೈ ನೋವು. ಆಶಾ ಕಾರ್ಯಕರ್ತೆಯ ಮಾತು ಕೇಳಿ ಮೂಗಿನ ದ್ರವ ಕೊಟ್ಟು ಬಂದೆವು. ಪಾಸಿಟಿವ್ ಎಂದು ಫೋನಿಗೆ ಮೆಸೇಜು ಬಂತು. ನನಗೆ ಅತ್ತೆಯ ಚಿಂತೆ. ಎಪ್ಪತ್ತು ದಾಟಿದ ಜೀವ, ಅವರಿಗೆ ಅಂಟಿದರೆ ಏನು ಗತಿ ಎಂದು ಅವರನ್ನು ಹಿಂದಿನ ಕೋಣೆಗೆ ಕಳಿಸಿದೆ. ಮಗಳ ಬಗ್ಗೆ ಹೆದರಲೇ ಇಲ್ಲ. ಮಕ್ಕಳಿಗೆ ಏನೂ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹಾಗೇ ಆಯಿತು ಕೂಡ. ಎರಡು ದಿನ ಜ್ವರ, ಮೂರನೆಯ ದಿನ ಗಂಜಿಗೆ ಉಪ್ಪಿನಕಾಯಿ ಕೇಳಿದಳು. ವಾರ ಕಳೆದು ಶಾಲೆಗೆ ಬಂದಳು. ಅತ್ತೆಗೂ ನನಗೂ ಏನೂ ಆಗಲಿಲ್ಲ. ದೇವರು ದೊಡ್ಡವನು ಎಂದು ಮಸ್ಕತ್ತಿಗೆ ಫೋನು ಮಾಡಿ ಹೇಳಿದೆ.

ಮೂರು ವಾರ ಕಳೆದಿರಬಹುದು. ಪ್ರಾಪ್ತಿ ಊಟ ಮಾಡಿ ತಟ್ಟೆಯನ್ನು ಅಲ್ಲೇ ಬಿಟ್ಟು ಏಳತೊಡಗಿದಳು. ಮನೆಪಾಠ ಬರೆಯುತ್ತ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ. ಶಾಲೆಯಲ್ಲಿ ಮಹಡಿ ಹತ್ತುವಾಗ ನಡುವೆ ನಿಂತು ಕಿಟಕಿಯಿಂದ ಹೊರಗೆ ನೋಡುವ ನಾಟಕ. ಹದಿಮೂರರ ಮಗ್ಗಿ ಬಾಯಿಗೆ ಬರುವುದಿಲ್ಲ. ಆನ್‌ಲೈನ್ ಕ್ಲಾಸಿನ ಎರಡು ವರ್ಷ ಮೊಬೈಲು ಹಿಡಿದು ಕುಳಿತದ್ದರ ಫಲ ಇದು ಎಂದು ನಾನು ಆಗಲೇ ತೀರ್ಪು ಬರೆದಾಗಿತ್ತು. ನಮ್ಮ ಊರಲ್ಲಿ ಸೋಮಾರಿತನಕ್ಕೆ ಉದಾಸೀನ ಎನ್ನುತ್ತೇವೆ.

"ನಿಂಗೆ ಉದಾಸೀನ ಹತ್ತಿದ್ದು, ಬೇರೆ ಎಂತದೂ ಅಲ್ಲ," ಎಂದೆ.

"ಕಾಲು ಎಳೀತದೆ ಅಮ್ಮ."

"ಓಡದೆ ಕೂತದ್ದಕ್ಕೆ ಎಳೆಯುದು. ನಾಳೆಯಿಂದ ಬೆಳಿಗ್ಗೆ ನನ್ನೊಟ್ಟಿಗೆ ಮೈದಾನಕ್ಕೆ ಬಾ."

ಸುಮ್ಮನೆ ಹೇಳಿದ್ದಲ್ಲ. ಬೆಳ್ತಂಗಡಿಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆ. ಸ್ವಲ್ಪ ರಕ್ತ ಕಮ್ಮಿ ಎಂದು ಟಾನಿಕ್ ಕೊಟ್ಟರು. ಬಂಟ್ವಾಳಕ್ಕೆ ಕರೆದುಕೊಂಡು ಹೋಗಿ ಹೃದಯದ ಸ್ಕ್ಯಾನ್ ಕೂಡ ಮಾಡಿಸಿದ್ದೆ. ಅಲ್ಲಿ ಕಾಯುವಾಗ ಅವಳು ನನ್ನ ಹೆಗಲಿಗೆ ಒರಗಿ ಎರಡು ತಾಸು ನಿದ್ದೆ ಮಾಡಿದಳು. ಗಡಿಬಿಡಿಯಲ್ಲಿದ್ದ ಡಾಕ್ಟರು ಕಾಗದ ನೋಡಿ, "ಹಾರ್ಟ್ ಫಸ್ಟ್‌ಕ್ಲಾಸ್ ಉಂಟು. ಆಡ್ಲಿ, ಓಡ್ಲಿ, ತಿನ್ಲಿ" ಎಂದರು. ನನಗೆ ಬೇಕಾದದ್ದೂ ಅದೇ. ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಸಮಾಧಾನದಿಂದ ಅತ್ತುಬಿಟ್ಟೆ ಎಂದು ಹೇಳಿದರೆ ನನ್ನ ಶಾಲೆಯ ಮಕ್ಕಳು ನಂಬಲಿಕ್ಕಿಲ್ಲ, ಆದರೆ ಅತ್ತದ್ದು ಹೌದು.

ಮರುದಿನದಿಂದಲೇ ಶುರು. ಮೊದಲ ವಾರ ಮೈದಾನಕ್ಕೆ ಒಂದು ಸುತ್ತು, ಎರಡನೆಯ ವಾರ ಎರಡು, ಮೂರನೆಯ ವಾರ ಮೂರು. ನನ್ನ ಕೆಲಸದ ರೀತಿಯೇ ಅದು. ಓಡಿಸಿದಷ್ಟೂ ಮಗು ಗಟ್ಟಿಯಾಗುತ್ತದೆ, ಇದನ್ನು ಕಲಿಸಿಯೇ ನಾನು ಇಷ್ಟು ವರ್ಷ ಸಂಬಳ ತೆಗೆದುಕೊಂಡದ್ದು. ಜೊತೆಗೆ ಮೊಟ್ಟೆ, ರಾಗಿ, ಹುರುಳಿ ಸಾರು. ಪ್ರಾಪ್ತಿ ಓಡಿದಳು. ಹಾಗೆ ಓಡುವ ಶಕ್ತಿ ಅವಳಿಗೆ ಆ ಹತ್ತು ನಿಮಿಷಕ್ಕೆ ಎಲ್ಲಿಂದಲೋ ಬರುತ್ತಿತ್ತು, ಅದೇ ನನ್ನನ್ನು ಹಾಳು ಮಾಡಿದ್ದು. ಕಣ್ಣೆದುರು ಓಡುತ್ತಾಳೆ, ಆಮೇಲೆ ಆಗುವುದಿಲ್ಲ ಎನ್ನುತ್ತಾಳೆ. ಇದಕ್ಕೆ ಏನೆನ್ನಬೇಕು?

ಒಂದು ಬೆಳಿಗ್ಗೆ ಅತ್ತೆ ಅವಳಿಗೆ ಜಡೆ ಹಾಕುತ್ತಿದ್ದರು. ಎರಡನೆಯ ತರಗತಿಯಿಂದ ತನ್ನ ಎರಡು ಜಡೆ ತಾನೇ ಹಾಕಿಕೊಂಡ ಹುಡುಗಿ. ನಾನು ರೇಗಿದೆ.

"ಅವಳಿಗೆ ಕೈ ಇಲ್ವಾ ಅತ್ತೆ? ನೀವೇ ಅವಳನ್ನು ಹಾಳು ಮಾಡುದು."

ಅತ್ತೆ ನನ್ನ ಕಡೆ ತಿರುಗಲಿಲ್ಲ. "ಕೈ ಉಂಟು. ಎತ್ತಲಿಕ್ಕೆ ಆಗುದಿಲ್ಲ ಅದಕ್ಕೆ. ನೀನು ಮಕ್ಕಳಿಗೆ ಕಲಿಸುವವಳು, ನಿಂಗೆ ಕಾಣುದಿಲ್ವಾ?" ಎಂದರು.

ನನಗೆ ಕಾಣಲಿಲ್ಲ. ಅಜ್ಜಿ ಮೊಮ್ಮಗಳು ಸೇರಿ ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದು ದುಮುಗುಟ್ಟಿಕೊಂಡು ಬಸ್ಸು ಹತ್ತಿದೆ. ಆ ತಿಂಗಳ ಕೊನೆಗೆ ಪ್ರಾಪ್ತಿ ದೂರುವುದನ್ನು ನಿಲ್ಲಿಸಿದಳು. ಕೇಳಿದರೆ "ಆರಾಮ ಉಂಟಮ್ಮ" ಎನ್ನುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ. "ನೋಡಿ, ಹೇಗೆ ಸರಿ ಮಾಡಿದೆ" ಎಂದು ಮಸ್ಕತ್ತಿಗೆ ವರದಿ ಹೋಯಿತು.

ನನ್ನ ಕಣ್ಣು ತೆರೆಸಿದ್ದು ಫಿಲೋಮಿನಾ ಟೀಚರ್. ಪ್ರಾಪ್ತಿಯ ಕ್ಲಾಸ್ ಟೀಚರ್ ಅವರು, ನನಗಿಂತ ಹಿರಿಯರು, ಮಾತು ಕಮ್ಮಿ. ಒಂದು ದಿನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

"ಮಗುವಿಗೆ ಮಾತು ಕೊಟ್ಟಿದ್ದೇನೆ, ಈಗ ತಪ್ಪುತ್ತೇನೆ," ಎಂದರು. "ಇಂಟರ್‌ವೆಲ್ಲಲ್ಲಿ ಎಲ್ಲ ಹೊರಗೆ ಹೋದ ಮೇಲೆ ಪ್ರಾಪ್ತಿ ಕೊನೆಯ ಬೆಂಚಲ್ಲಿ ಮಲಗ್ತಾಳೆ. ಒಂದು ತಿಂಗಳಾಯ್ತು. ಸಫಾ ಬಾಗಿಲಲ್ಲಿ ಕಾವಲು ನಿಲ್ತಾಳೆ, ನೀವು ಬಂದರೆ ಎಬ್ಬಿಸ್ಲಿಕ್ಕೆ."

ಸಫಾ ಅವಳ ಗೆಳತಿ, ನಮ್ಮ ಖೋ ಖೋ ತಂಡದ ಇನ್ನೊಬ್ಬ ಓಟಗಾರ್ತಿ.

"ನನಗೆ ಯಾಕೆ ಹೇಳ್ಲಿಲ್ಲ ಅವಳು?"

ಫಿಲೋಮಿನಾ ಟೀಚರ್ ಹೇಳಿದರು: "ನಾನೂ ಕೇಳಿದೆ. 'ಅಮ್ಮನಿಗೆ ಹೇಳ್ಬೇಡಿ ಟೀಚರ್, ಅಮ್ಮ ಮತ್ತೊಂದು ರೌಂಡ್ ಓಡಿಸ್ತಾರೆ' ಅಂದ್ಲು."

ಆ ಮಾತನ್ನು ಕೇಳಿದ ಮೇಲೆ ನಾನು ಒಂಬತ್ತನೆಯವರ ಪೀರಿಯಡ್ಡಿಗೆ ಹೋದೆ, ವಿಸಿಲ್ ಊದಿದೆ, ವಾಲಿಬಾಲ್ ಕೊಟ್ಟೆ. ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಹನ್ನೆರಡು ವರ್ಷದ ಮಗು ತನ್ನ ತಾಯಿಗೆ ಹೆದರಿ ಕಳ್ಳಿಯ ಹಾಗೆ ಮಲಗುತ್ತಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ನನ್ನ ಹತ್ತಿರ ಹೇಳಲಾರದೆ ಊರವರ ಹತ್ತಿರ ಹೇಳಿಕೊಂಡಿದೆ. ಅವಳ ಶಕ್ತಿ ತಿರುಗಿ ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಒಂದಾದರೆ, ಬಂದರೂ ಬಾರದಿದ್ದರೂ ಅವಳು ಇನ್ನು ನನಗೆ ನಿಜ ಹೇಳುತ್ತಾಳೋ ಇಲ್ಲವೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಮಿಜಾರಿನಲ್ಲಿ ನನ್ನ ಅಕ್ಕ ಇದ್ದಾಳೆ. ಅವಳಿಗೆ ಫೋನು ಮಾಡಿ ಅತ್ತದ್ದಕ್ಕೆ, "ಅಳುದು ಮತ್ತೆ. ಮೂಡುಬಿದಿರೆಯಲ್ಲಿ ಒಬ್ಬರು ಮಕ್ಕಳ ಡಾಕ್ಟ್ರಮ್ಮ ಇದ್ದಾರೆ, ತಾಳ್ಮೆ ಉಂಟು ಅವರಿಗೆ. ನಾಡಿದ್ದು ಹೋಗುವ" ಎಂದಳು. ವೇಣೂರು ದಾರಿಯಲ್ಲಿ ಬಸ್ಸಿನಲ್ಲಿ ಹೋದೆವು. ಪ್ರಾಪ್ತಿಗೆ ಕಿಟಕಿ ಸೀಟು ಕೊಟ್ಟು, ನನ್ನ ಬ್ಯಾಗನ್ನು ತಲೆದಿಂಬು ಮಾಡಿದೆ. ಅವಳು ನನ್ನನ್ನು ಅನುಮಾನದಿಂದ ನೋಡಿದಳು.

ಮೂಡುಬಿದಿರೆಯಲ್ಲಿ ಅಕ್ಕ ಕಾಯುತ್ತಿದ್ದಳು. ಕ್ಲಿನಿಕ್ಕಿನಲ್ಲಿ ನಮ್ಮ ಮುಂದೆ ಹದಿನೇಳು ಟೋಕನ್. ಕುಳಿತುಕೊಳ್ಳಲು ಒಂದೇ ಬೆಂಚು, ಅದರ ತುಂಬ ಕೆಮ್ಮುವ ಮಕ್ಕಳು. ನೆರಿಯದಿಂದ ಎರಡು ಬಸ್ಸು ಬದಲಿಸಿ ಬಂದ ಒಬ್ಬ ತಾಯಿ ತನ್ನ ಮಗಳನ್ನು ಒತ್ತಿಗೆ ಸರಿಸಿ ಪ್ರಾಪ್ತಿಗೆ ಜಾಗ ಮಾಡಿಕೊಟ್ಟರು.

"ನಿಮ್ಮದಕ್ಕೆ ಎಂತ ಆದದ್ದು?" ಎಂದು ಕೇಳಿದರು.

ಹೇಗೆ ಹೇಳಬೇಕೆಂದು ತಿಳಿಯದೆ, "ಎಂತದೂ ಇಲ್ಲ ಅಂತಾರೆ. ಆದ್ರೆ ಆಗುದಿಲ್ಲ ಅವಳಿಗೆ" ಎಂದೆ.

"ನಮ್ಮದೂ ಅದೇ," ಎಂದರು ಆಕೆ. "ಗುಡ್ಡೆ ಹತ್ತಿ ಸೊಪ್ಪು ತರ್ತಿದ್ಲು. ಈಗ ಬಚ್ಚಲಿಗೆ ಹೋಗುದಾದ್ರೂ ಗೋಡೆ ಹಿಡೀಬೇಕು. ಇದು ಮೂರನೇ ಸಲ ಬರುದು ನಾವು. ಸ್ವಲ್ಪ ಆಗ್ತಾ ಉಂಟು, ಹೆದರ್ಬೇಡಿ."

ಆ ಹೆಂಗಸಿನ ಹೆಸರು ಕೂಡ ಕೇಳಲಿಲ್ಲ ನಾನು. ಅಷ್ಟು ದಿನಗಳಲ್ಲಿ ನನಗೆ ಉಸಿರು ನೆಟ್ಟಗೆ ಹೋದದ್ದು ಆಗಲೇ. ಇಂಥ ಮಗು ನನ್ನದೊಂದೇ ಅಲ್ಲ ಎಂದು ಗೊತ್ತಾದದ್ದೇ ಅರ್ಧ ಔಷಧ. ಅವರು ಎಲ್ಲಿದ್ದರೂ ಚೆನ್ನಾಗಿರಲಿ.

ಡಾಕ್ಟ್ರಮ್ಮ ಹಳೆಯ ಕಾಗದಗಳನ್ನೆಲ್ಲ ಓದಿದರು. "ಈಗ ಹೇಗುಂಟು ಮಗಾ?" ಎಂದು ಕೇಳಿದರು. ನಾನು ಶುರು ಮಾಡಿದೆ, ಜನವರಿಯ ಜ್ವರದಿಂದ ಹಿಡಿದು ಆಟದ ಟೀಚರಾದ ನಾನು ಅವಳನ್ನು ಓಡಿಸಿದ್ದರ ತನಕ. ಅವರು ಕೈ ಅಡ್ಡ ಹಿಡಿದರು.

"ಟೀಚರ್, ನೀವು ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ. ನಾನು ಅವಳತ್ರ ಕೇಳಿದ್ದು."

ಇಡೀ ಶಾಲೆಯನ್ನು ಸುಮ್ಮನಿರಿಸುವವಳು ನಾನು. ಸುಮ್ಮನೆ ಕುಳಿತೆ.

"ಓಡಿದ ದಿನ ಹೇಗಿರ್ತದೆ?"

"ಓಡ್ಲಿಕ್ಕೆ ಆಗ್ತದೆ," ಎಂದಳು ಪ್ರಾಪ್ತಿ.

"ಮರುದಿನ?"

ಪ್ರಾಪ್ತಿ ಮೊದಲು ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ನಾನು ತಲೆ ತಗ್ಗಿಸಿದೆ. ಆಮೇಲೆ ಅವಳು ಹೇಳತೊಡಗಿದಳು. ಓಡಿದ ಮರುದಿನ, ಕೆಲವೊಮ್ಮೆ ಅದರ ಮರುದಿನ, ಕೈಕಾಲಿಗೆ ಕಲ್ಲು ಕಟ್ಟಿದ ಹಾಗೆ ಆಗುತ್ತದೆ. ಬಾಚಣಿಗೆ ಎತ್ತಲು ಆಗುವುದಿಲ್ಲ. ಟೀಚರ್ ಹೇಳಿದ್ದು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಬೆಳಕು ಕಂಡರೆ ತಲೆನೋವು. ನಿದ್ದೆ ಮಾಡಿ ಎದ್ದರೂ ನಿದ್ದೆ ಮಾಡಿದ ಹಾಗೆ ಅನಿಸುವುದಿಲ್ಲ. ಹತ್ತು ನಿಮಿಷ ಮಾತಾಡಿದಳು. ಎರಡು ತಿಂಗಳಿನಿಂದ ನಾನು ಓಡಿದ ದಿನವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ. ಮರುದಿನದ ಬಗ್ಗೆ ಬೆಳ್ತಂಗಡಿಯಲ್ಲೂ ಯಾರೂ ಕೇಳಿರಲಿಲ್ಲ, ಬಂಟ್ವಾಳದಲ್ಲೂ ಕೇಳಿರಲಿಲ್ಲ. ನಾನಂತೂ ಕೇಳಲೇ ಇಲ್ಲ.

"ಇದು ಉದಾಸೀನ ಅಲ್ಲ," ಎಂದರು ಡಾಕ್ಟ್ರಮ್ಮ. "ಹೆಚ್ಚಿನ ಮಕ್ಕಳಿಗೆ ಕೊರೊನ ನೆಗಡಿಯ ಹಾಗೆ ಬಂದು ಹೋಗ್ತದೆ. ಕೆಲವರಿಗೆ ಹೀಗೆ ಬಾಲ ಉಳೀತದೆ. ನೀವು ಮಕ್ಕಳನ್ನು ಗಟ್ಟಿ ಮಾಡುವ ಕ್ರಮ ತಪ್ಪಲ್ಲ ಟೀಚರ್. ಆದ್ರೆ ಇವಳಿಗೆ ಈಗ ಅದು ಆಗ್ಲಿಕ್ಕಿಲ್ಲ. ಸುಸ್ತಾದ ಮೇಲೆ ಮಲಗುದಲ್ಲ, ಸುಸ್ತಾಗುವ ಮೊದಲೇ ಮಲಗ್ಬೇಕು. ಮರುದಿನ ಬೀಳದಷ್ಟೇ ಮಾಡ್ಬೇಕು."

"ಎಷ್ಟು ದಿನ?" ಎಂದೆ.

"ನಂಗೆ ಗೊತ್ತಿಲ್ಲ," ಎಂದರು. "ಹೆಚ್ಚಿನವರು ಸರಿ ಆಗ್ತಾರೆ. ನಿಧಾನಕ್ಕೆ. ನಾವು ಒಟ್ಟಿಗೆ ನೋಡುವ."

ಗೊತ್ತಿಲ್ಲ ಎಂದು ಹೇಳಿದ ಆ ಡಾಕ್ಟರನ್ನು ನಾನು ಪೂರ್ತಿ ನಂಬಿದೆ. ಯಾಕೋ ಗೊತ್ತಿಲ್ಲ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಬಳಿಯ ಹೋಟೆಲಿನಲ್ಲಿ ಬನ್ಸ್ ತೆಗೆದುಕೊಂಡೆವು. ಅಕ್ಕ ಕೈ ತೊಳೆಯಲು ಹೋದಾಗ ನಾನು ಮಗಳಿಗೆ, "ನನ್ನಿಂದ ತಪ್ಪಾಯ್ತು ಮಗಾ" ಎಂದೆ. ನಮ್ಮಲ್ಲಿ ತಾಯಂದಿರು ಮಕ್ಕಳ ಹತ್ತಿರ ಹೀಗೆ ಹೇಳುವುದಿಲ್ಲ. ನನ್ನ ತಾಯಿ ನನಗೆ ಒಮ್ಮೆಯೂ ಹೇಳಿಲ್ಲ. ಪ್ರಾಪ್ತಿ ಬನ್ಸ್ ಮುರಿಯುತ್ತ, "ಯಾರು ಸುಳ್ಳು ಹೇಳಿದ್ರೂ ನೀನು ಹಿಡೀತಿ. ನಾನು ನಿಜ ಹೇಳಿದ್ದನ್ನು ಯಾಕೆ ಹಿಡೀಲಿಲ್ಲ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಕೈ ಮುಗಿಯಬೇಕೆನಿಸುವ ಮುಖಗಳೇ ಕಾಣುತ್ತವೆ. ಹೆಡ್‌ಮಾಸ್ಟ್ರು ಯಾವ ಸರ್ಟಿಫಿಕೇಟನ್ನೂ ಕೇಳದೆ, "ಮಧ್ಯಾಹ್ನದ ತನಕ ಬರ್ಲಿ ಸಾಕು" ಎಂದರು. ಫಿಲೋಮಿನಾ ಟೀಚರ್ ಲೈಬ್ರರಿಯ ಮೂಲೆಯಲ್ಲಿ ಚಾಪೆ, ದಿಂಬು ಇಟ್ಟರು. ದಿಂಬಿನ ಕವರು ವಾರಕ್ಕೊಮ್ಮೆ ಅವರ ಮನೆಯಲ್ಲೇ ಒಗೆದು ಬರುತ್ತಿತ್ತು. ಸಫಾ ಇವಳ ಬ್ಯಾಗನ್ನು ತನ್ನದರ ಮೇಲೆ ಹೇರಿಕೊಂಡು ಮಹಡಿ ಹತ್ತುತ್ತಿದ್ದಳು. "ನಂಗೆ ಬೆನ್ನು ಗಟ್ಟಿ ಆಗ್ತದೆ ಟೀಚರ್, ನೀವೇ ಹೇಳಿದ್ದಲ್ವ" ಎಂದು ನನಗೇ ತಿರುಗಿ ಕೊಡುತ್ತಿದ್ದಳು. ಇವಳ ಅಪ್ಪ ಮೊದಲು, "ಎಂತ ಮಾರಾಯ್ತಿ, ಮಲಗಿದ್ರೆ ಸರಿಯಾಗುವ ಕಾಯಿಲೆ ಉಂಟಾ?" ಎಂದಿದ್ದರು. ಆಮೇಲೆ ಅವರೇ ದಿನಾ ಸಂಜೆ ಫೋನು ಹಿಡಿದು ಮಗಳಿಗೆ ಪಾಠ ಓದಿ ಹೇಳತೊಡಗಿದರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಅತ್ತೆ ಮಾಡಿದ್ದನ್ನು ಬೇರೆಯೇ ಹೇಳಬೇಕು. ನಮ್ಮ ಮನೆಯಲ್ಲಿ ಚೆನ್ನೆಮಣೆ ಇದೆ, ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಅದನ್ನು ಅಟ್ಟದಿಂದ ಇಳಿಸುವುದು ಕ್ರಮ. ಬೇರೆ ತಿಂಗಳಲ್ಲಿ ಮುಟ್ಟಿದರೆ ಮನೆಗೆ ಒಳ್ಳೆಯದಲ್ಲ ಎಂದು ನನ್ನ ಮದುವೆಯಾದ ವರ್ಷವೇ ಅತ್ತೆ ಗದರಿಸಿದ್ದರು. ಆ ಬೇಸಿಗೆ ರಜೆಯಲ್ಲಿ ಒಂದು ದಿನ ಶಾಲೆಯ ಕೆಲಸ ಮುಗಿಸಿ ಬಂದು ನೋಡುತ್ತೇನೆ, ಅಜ್ಜಿ ಮೊಮ್ಮಗಳು ಜಗಲಿಯಲ್ಲಿ ಮಣೆ ಇಟ್ಟುಕೊಂಡು ಕುಳಿತಿದ್ದಾರೆ.

"ಆಟಿ ಬಂತಾ ಅತ್ತೆ?" ಎಂದೆ.

"ಈ ಮಗು ಕೂತು ಆಡುವ ಆಟ ಮನೆಯಲ್ಲಿ ಬೇರೆ ಯಾವುದುಂಟು?" ಎಂದರು. "ದೋಷ ಬರುದಾದ್ರೆ ನಂಗೆ ಬರ್ಲಿ. ನೀನು ಚಾ ಮಾಡು."

ನಾನು ಚಾ ಮಾಡಿದೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಈ ಹೆಂಗಸಿನ ಮೇಲೆ ರೇಗಿದ ದಿನಗಳನ್ನೆಲ್ಲ ಒಂದೊಂದಾಗಿ ನೆನೆದೆ.

ಗುಣ ಆದದ್ದು ಒಂದೇ ಸಲಕ್ಕಲ್ಲ. ಎರಡು ವಾರ ಚೆನ್ನಾಗಿದ್ದು, ಒಂದು ಮದುವೆಗೆ ಹೋಗಿ ಬಂದದ್ದಕ್ಕೆ ನಾಲ್ಕು ದಿನ ಮಲಗಿದ್ದೂ ಉಂಟು. ಅಂಥ ದಿನ ನಾನೂ ಅವಳೂ ಸೇರಿ ಅತ್ತಿದ್ದೇವೆ. ಆದರೆ ಬೀಳುವ ದಿನಗಳ ನಡುವಿನ ದೂರ ಹೆಚ್ಚುತ್ತ ಹೋಯಿತು. ಎಂಟನೆಯ ತರಗತಿಯ ಅರ್ಧಕ್ಕೆ ಪೂರ್ತಿ ದಿನ ಶಾಲೆ. ಆ ವರ್ಷದ ಕೊನೆಗೆ ನಡಿಗೆ, ಆಮೇಲೆ ನಿಧಾನದ ಓಟ. ಪ್ರತಿಯೊಂದನ್ನೂ ಅವಳೇ ತೀರ್ಮಾನಿಸಿದಳು. ಡಾಕ್ಟ್ರಮ್ಮನ ಆಜ್ಞೆ ಅದು. ನಾನು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ನನ್ನನ್ನು ಬಲ್ಲವರಿಗೆ ಗೊತ್ತು, ಅದು ಎಂಥ ತಪಸ್ಸು ಎಂದು.

ಒಂಬತ್ತನೆಯಲ್ಲಿ ಅವಳು ತಂಡಕ್ಕೆ ಮರಳಿದಳು. ಆ ವರ್ಷ ಜಿಲ್ಲಾ ಮಟ್ಟದ ಪಂದ್ಯ ಮೂಡುಬಿದಿರೆಯಲ್ಲಿ. ಮೊದಲ ಸರದಿಯಲ್ಲಿ ಎರಡು ನಿಮಿಷ ಸಿಗದೆ ಓಡಿದಳು. ನಾನು ಗೆರೆಯ ಹೊರಗೆ ನಿಂತು ಅವಳ ಕಾಲನ್ನಲ್ಲ, ಮುಖವನ್ನೇ ನೋಡುತ್ತಿದ್ದೆ. ಎರಡನೆಯ ಸರದಿ ಅರ್ಧಕ್ಕೆ ಬಂದಿತ್ತು, ಎರಡು ತಂಡಗಳೂ ಸಮ ಸಮ. ಆಗ ಪ್ರಾಪ್ತಿ ಕೈ ಎತ್ತಿದಳು. ಬದಲಿ ಆಟಗಾರ್ತಿಯನ್ನು ಕಳಿಸಿದೆ. ಅವಳು ಬಂದು ನನ್ನ ಪಕ್ಕದಲ್ಲಿ ನೆಲದಲ್ಲಿ ಕುಳಿತು, "ಇವತ್ತಿಗೆ ಇಷ್ಟೇ ಅಮ್ಮ" ಎಂದಳು. ನಾವು ಒಂದು ಅಂಕದಿಂದ ಸೋತೆವು.

ತಂಡದ ಒಬ್ಬ ಹುಡುಗಿಯ ತಂದೆ ಬೇಸರದಿಂದ ಬಂದು, "ಟೀಚರ್, ಅಷ್ಟು ಚೆನ್ನಾಗಿ ಓಡ್ತಿದ್ದ ನಿಮ್ಮ ಮಗಳನ್ನೇ ಯಾಕೆ ತೆಗೆದದ್ದು?" ಎಂದು ಕೇಳಿದರು.

"ನಾನು ತೆಗೆದದ್ದಲ್ಲ. ಅವಳು ಹೇಳಿದ್ಲು," ಎಂದೆ. ಅವರಿಗೆ ಅರ್ಥವಾಗಲಿಲ್ಲ. ಸಫಾಳಿಗೆ ಅರ್ಥವಾಗಿತ್ತು. ಸೋತ ಬೇಜಾರಿನಲ್ಲೂ ಅವಳು ಇವಳ ಬೆನ್ನಿಗೆ ಒಂದು ಗುದ್ದು ಕೊಟ್ಟು ಪಕ್ಕದಲ್ಲಿ ಕುಳಿತಳು.

ಮರುದಿನ ಭಾನುವಾರ. ಬೆಳಿಗ್ಗೆ ಏಳು ಗಂಟೆಗೆ ನಾನು ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಅವಳು ಕಣ್ಣು ತೆರೆಯದೆಯೇ ಮಾತಾಡಿದಳು.

"ಕೇಳು ಅಮ್ಮ. ಕೇಳದಿದ್ರೆ ನೀನು ಅಲ್ಲೇ ನಿಂತಿರ್ತಿ."

"ಹೇಗುಂಟು?"

"ಕಾಲು ನೋವುಂಟು."

ಎರಡೇ ಹೆಜ್ಜೆಗೆ ನಾನು ಅವಳ ಹಾಸಿಗೆಯ ಬಳಿಗೆ ಹೋದೆ. ಅವಳು ಎದ್ದು ಕುಳಿತು, ಮೀನಖಂಡ ಒತ್ತಿಕೊಂಡು ಸ್ವಲ್ಪ ಯೋಚಿಸಿದಳು.

"ಆ ನೋವಲ್ಲ ಅಮ್ಮ ಇದು. ಓಡಿದ್ದಕ್ಕೆ ಬರುವ ನೋವು, ಎಲ್ಲರಿಗೂ ಬರುವಂಥದ್ದು. ನಿಲ್ಲು, ಫೋನ್ ಕೊಡು, ಕೇಳುವ."

ಸಫಾಳಿಗೆ ಫೋನು ಮಾಡಿದಳು. ಆ ಕಡೆಯಿಂದ ಸಫಾ, ಹಾಸಿಗೆಯಿಂದ ಏಳಲು ಆಗುತ್ತಿಲ್ಲ, ಎರಡೂ ಕಾಲು ಹಿಡಿದುಕೊಂಡಿವೆ, ಉಮ್ಮ ಎಣ್ಣೆ ತಿಕ್ಕುತ್ತಿದ್ದಾರೆ ಎಂದು ನರಳುವುದು ನನಗೂ ಕೇಳಿಸಿತು. ಇಬ್ಬರೂ ನಗತೊಡಗಿದರು. ಆಟದ ಮರುದಿನ ಕಾಲುನೋವು ಎಂದು ಬಂದ ಎಷ್ಟು ಮಕ್ಕಳನ್ನು ನಾನು ಗದರಿಸಿ ಕಳಿಸಿದ್ದೇನೋ ಲೆಕ್ಕವಿಲ್ಲ. ಎಣ್ಣೆ ಬಿಸಿ ಮಾಡಿ ತಂದು ಮಗಳ ಕಾಲ ಬಳಿ ಕುಳಿತೆ. ಎಲ್ಲರಿಗೂ ಬರುವ ನೋವು ನನ್ನ ಮಗಳಿಗೂ ಬಂದಿತ್ತು.